ನಮ್ಮೂರಿನ ಸೀಟು ಹರಾಜಾದ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಮದುವೆಯಾದ ಹೊಸದರಿಂದ ಹೇಳುತ್ತ ಬಂದಿದ್ದಾರೆ. ಇರಲಿ. ಆದರೆ ಆ ದಿನ ಆ ಹೊತ್ತಿಗೆ ನನಗೆ ಕೋಪವೇ ಬರಲಿಲ್ಲ. ಕೋಪ ಬರಬೇಕಾದರೂ ಮನುಷ್ಯನಿಗೆ ಒಂದಿಷ್ಟು ಜ್ಞಾನ ನೆಟ್ಟಗಿರಬೇಕು. ನಾನು ದೇವಸ್ಥಾನದ ಮುಂದೆ, ಹೆಂಗಸರ ಗುಂಪಿನಲ್ಲಿ, ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟಿದ್ದೆ. ಹಾಡಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ನಮ್ಮೂರಿನ ಗ್ರಾಮ ಪಂಚಾಯ್ತಿ ಮೆಂಬರ್ ಸೀಟನ್ನು ಹರಾಜು ಕೂಗುತ್ತಿದ್ದರು.

ನಮ್ಮದು ಕನಕಪುರ ತಾಲ್ಲೂಕಿನ ಒಂದು ಸಣ್ಣ ಊರು. ರಾಮನಗರವೂ ದೂರವಿಲ್ಲ. ಊರಿನ ಹೆಸರು ಬೇಡ. ಹೇಳಿದರೆ ನಾಳೆ ನಾನು ನಲ್ಲಿಯ ಹತ್ತಿರ ಬಿಂದಿಗೆ ಇಡುವ ಹಾಗಿಲ್ಲ. ಇರುವುದು ಮೂರು ಬೀದಿ. ಮೇಲಿನ ಬೀದಿಯಲ್ಲಿ ನಾವು, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ರೈತರು. ಕೆಳಗಿನ ಬೀದಿಯಲ್ಲಿ ರೀಲರುಗಳು. ಅಂದರೆ ನಮ್ಮಂಥವರು ಬೆಳೆದ ಗೂಡನ್ನು ರಾಮನಗರದ ಮಾರ್ಕೆಟ್ಟಿನ ಹರಾಜಿನಲ್ಲಿ ಕೊಂಡು ತಂದು, ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಮುಸ್ಲಿಂ ಮನೆಗಳು. ಕೆರೆಯ ಪಕ್ಕದ್ದು ಕ್ರೈಸ್ತರ ಬೀದಿ. ಅಲ್ಲೊಂದು ಪುಟ್ಟ ಚರ್ಚು.

ಈ ಮೂರು ಬೀದಿಗಳಿಗೂ ಸೇರಿ ಒಂದು ಸೌಹಾರ್ದ ಸಮಿತಿ ಇತ್ತು. ಅದು ಹುಟ್ಟಿದ್ದು ಹೆದರಿಕೆಯಿಂದ. ಹಿಂದೊಮ್ಮೆ ಮೆರವಣಿಗೆಯ ದಿನ ಯಾರದೋ ಮೊಬೈಲಿಗೆ ಒಂದು ಸುಳ್ಳು ಸುದ್ದಿ ಬಂದು, ಎರಡೂ ಕಡೆಯ ಹುಡುಗರು ಕಲ್ಲು ಹಿಡಿದು ನಿಂತಿದ್ದರು. ಆಗ ದೇವಸ್ಥಾನದ ಯಜಮಾನರು, ಮಸೀದಿಯ ಮುತವಲ್ಲಿ, ಚರ್ಚಿನ ಉಪದೇಶಿ, ಮೂವರು ಮುದುಕರೂ ರಸ್ತೆಯ ನಡುವೆ ಕೈ ಕೈ ಹಿಡಿದು ನಿಂತರು. ಕಲ್ಲುಗಳು ಕೆಳಗೆ ಬಿದ್ದವು. ಆಮೇಲೆ ಅದೇ ಮೂವರು ಸೇರಿ ಊರಿಗೆ ಬಸ್ಸು ತರಿಸಿದರು, ಕೆರೆ ಏರಿಯ ಮುಳ್ಳು ಕಡಿಸಿದರು. ಹೆಂಗಸರ ಸಂಘದಿಂದ ನಾನೂ ಸಮಿತಿಯಲ್ಲಿದ್ದೆ. ನೆಂಟರ ಮನೆಗೆ ಹೋದಾಗಲೆಲ್ಲ ಕೇಳದಿದ್ದರೂ ಈ ಸಮಿತಿಯ ಸುದ್ದಿ ತೆಗೆದು ಕೊಚ್ಚಿಕೊಳ್ಳುತ್ತಿದ್ದೆ.

ಅದೇ ಹೆಂಗಸರ ಸಂಘದಲ್ಲಿ ಕೆಳಗಿನ ಬೀದಿಯ ಒಬ್ಬಳು ನನಗೆ ಗೆಳತಿಯಾದಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಗಂಡ ಗೂಡು ತರುತ್ತಾನೆ, ಇವಳು ಬೇಸಿನ್ನಿನ ಮುಂದೆ ಕೂತು ನೂಲು ಬಿಚ್ಚುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಬಿಸಿನೀರಿನೊಳಗೆ ಬೆರಳು. ಅವಳ ಕೈ ಹಿಡಿದರೆ ಬೆರಳ ತುದಿ ಸವೆದ ಸೋಪಿನ ಹಾಗೆ ನುಣ್ಣಗಿದೆ, ಒಂದು ಗೆರೆ ಇಲ್ಲ. ರೇಷನ್ ಅಂಗಡಿಯವನು ಹೆಬ್ಬೆಟ್ಟು ಒತ್ತುವ ಮಿಷನ್ ಇಟ್ಟ ಮೇಲೆ ಆ ಬೀದಿಯ ಹೆಂಗಸರಿಗೆಲ್ಲ ಶನಿ ಹಿಡಿಯಿತು. ಇವಳು ಒತ್ತುತ್ತಾಳೆ, ಮಿಷನ್ನು ಒಲ್ಲೆ ಎನ್ನುತ್ತದೆ. ಒರೆಸಿ ಒತ್ತುತ್ತಾಳೆ, ಆಗಲೂ ಒಲ್ಲೆ. “ಬೆರಳು ತಗತಿಲ್ಲ ಓಗವ್ವ, ನಾಳೆ ಬಾ” ಎಂದು ಅಂಗಡಿಯವನು ಕಳಿಸುತ್ತಾನೆ. ಅಕ್ಕಿ ಅಂಗಡಿಯಲ್ಲೇ ಉಳಿಯುತ್ತದೆ. ಬೆರಳಿಲ್ಲದೆಯೂ ಕೊಡುವುದಕ್ಕೆ ದಾರಿಯಿದೆ, ಪಂಚಾಯ್ತಿಯವರು ಬರೆದುಕೊಡಬೇಕು ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳಿದ್ದರು. ಬರೆದುಕೊಡಿ ಎಂದು ಕೇಳಲು ಇವಳು ಎಷ್ಟೋ ಸಲ ಪಂಚಾಯ್ತಿಗೆ ಹೋದಳು. ಮೆಂಬರ್ ಸಿಕ್ಕಲೇ ಇಲ್ಲ.

ಪಂಚಾಯ್ತಿ ಚುನಾವಣೆ ಬಂತು. ಊರಿಗೆ ಇರುವುದು ಒಂದೇ ಸೀಟು, ಆ ಸಲ ಅದು ಹೆಂಗಸರಿಗೆ ಮೀಸಲಾಯಿತು. ಸಂಘದ ಮೀಟಿಂಗ್ ಮುಗಿಸಿ ಬರುವಾಗ ಇವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

“ಅಕ್ಕಾ, ನಾನೇ ನಿಂತ್ಕತೀನಿ. ಮೆಂಬರ್ ಸಿಕ್ತಿಲ್ಲ ಅಂದ್ಮೇಲೆ ನಾನೇ ಮೆಂಬರ್ ಆಯ್ತೀನಿ. ನಮ್ ಬೀದಿ ಹೆಂಗಸ್ರು ಅಕ್ಕಿ ತಿನ್ಬ್ಯಾಡ್ವಾ?”

“ನಿಂತ್ಕೊ. ಸಮಿತಿ ಐತಲ್ಲ ನಿನ್ನ ಹಿಂದೆ” ಎಂದೆ. ಅಷ್ಟು ಧೈರ್ಯವಾಗಿ ಹೇಳಿದೆ.

ಆ ವಾರವೇ ಒಂದು ಬೆಳಿಗ್ಗೆ ದೇವಸ್ಥಾನದ ಮೈಕಿನಲ್ಲಿ ಕೂಗಿದರು: ಚುನಾವಣೆಯ ವಿಚಾರ ಮಾತಾಡುವುದಿದೆ, ಊರವರೆಲ್ಲ ಬರಬೇಕು. ಸ್ವಲ್ಪ ಹೊತ್ತಿಗೆ ಮಸೀದಿಯ ಮೈಕಿನಲ್ಲೂ ಅದೇ ಮಾತು. ಚರ್ಚಿನ ಗಂಟೆಯೂ ಹೊಡೆಯಿತು. ನಮ್ಮ ಮನೆಯವರಿಗೆ ರೊಟ್ಟಿ ತಟ್ಟಿಕೊಡುತ್ತಿದ್ದವಳು ನಾನು, ಕೈ ಹಿಟ್ಟಿನಲ್ಲೇ ಇಟ್ಟುಕೊಂಡು ಕೇಳಿಸಿಕೊಂಡೆ. ನನಗೆ ಮೈ ಜುಮ್ಮೆಂದಿತು. ಇಂಥ ಊರು ಎಲ್ಲಿದೆ ಎನಿಸಿತು.

ದೇವಸ್ಥಾನದ ಮುಂದೆ ಜಮಖಾನ ಹಾಸಿದ್ದರು. ಮೂವರು ಹಿರಿಯರೂ ಸಾಲಾಗಿ ಕುರ್ಚಿಯಲ್ಲಿ ಕೂತಿದ್ದರು. ಯಜಮಾನರು ಎದ್ದು ಮಾತಾಡಿದರು. ಚುನಾವಣೆ ಅಂದರೆ ಜಗಳ, ಜಾತಿ, ಹೆಂಡ. ನಮ್ಮೂರಿನ ಒಗ್ಗಟ್ಟು ಒಡೆಯಬಾರದು. ಎಂದಿನಂತೆ ಈ ಸಲವೂ ಅವಿರೋಧ ಆಯ್ಕೆ ಮಾಡೋಣ. ಅಲ್ಲಿಯವರೆಗೆ ನನಗೆ ಏನೂ ತಪ್ಪು ಕಾಣಲಿಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಎಂಎಲ್‌ಎ ಓಟು, ಎಂಪಿ ಓಟು ಹಾಕಿದ್ದೇನೆ, ಪಂಚಾಯ್ತಿ ಓಟು ಹಾಕಿಯೇ ಇರಲಿಲ್ಲ. ಹಿರಿಯರು ಕೂತು ಒಬ್ಬರ ಹೆಸರು ಹೇಳುತ್ತಿದ್ದರು, ಮುಗಿಯುತ್ತಿತ್ತು. ಅವಿರೋಧ ಅನ್ನುವುದು ಒಂದು ದೊಡ್ಡತನ ಎಂದೇ ನಾನು ತಿಳಿದಿದ್ದೆ. ಈ ಸಲ ನನ್ನ ಗೆಳತಿಯ ಹೆಸರು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಯಜಮಾನರು ಅಂದರು: “ಯಾರು ಊರಿಗೆ ಜಾಸ್ತಿ ಕೊಡ್ತಾರೋ ಸೀಟು ಅವರ್ದು. ಬಂದ ದುಡ್ಡು ಮೂರು ಪಾಲು. ದೇವಸ್ಥಾನದ ಚಾವಣಿಗೊಂದು, ಮಸೀದಿ ಕಾಂಪೌಂಡಿಗೊಂದು, ಚರ್ಚಿನ ನೆಲಕ್ಕೊಂದು. ಯಾರಿಗೂ ಮೋಸ ಇಲ್ಲ.”

ನನಗೆ ಕಿವಿ ಕಿವುಡಾಯಿತೋ ಎನಿಸಿತು. ಮುತವಲ್ಲಿಯ ಮುಖ ನೋಡಿದೆ. ಅವರು ತಲೆಯಾಡಿಸುತ್ತಿದ್ದರು. ಉಪದೇಶಿಯ ಮುಖ ನೋಡಿದೆ. ಅವರು ಕಾಲಿನ ಚಪ್ಪಲಿ ನೋಡುತ್ತಿದ್ದರು. ಗಂಡಸರ ಕಡೆ ಕೂತಿದ್ದ ನಮ್ಮ ಮನೆಯವರನ್ನು ನೋಡಿದೆ. ಅವರಿಗೆ ಆಶ್ಚರ್ಯವೇ ಆದಂತಿರಲಿಲ್ಲ, ಎಲೆ ಅಡಿಕೆ ಜಗಿಯುತ್ತಿದ್ದರು. ಕಲ್ಲು ಹಿಡಿದವರ ನಡುವೆ ಕೈ ಕೈ ಹಿಡಿದು ನಿಂತ ಮೂವರು ಇವರೇನಾ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಹರಾಜು ಶುರುವಾಯಿತು. ಕೂಗಲು ನಿಂತವನು ನಮ್ಮೂರಿನವನೇ, ಬಹಳ ವರ್ಷ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿದವನು. ಈಗ ಅಲ್ಲಿ ಎಲ್ಲ ಮೊಬೈಲಿನಲ್ಲಿ ನಡೆಯುವುದರಿಂದ ಅವನ ಗಂಟಲಿಗೆ ಕೆಲಸವಿಲ್ಲ. ಬಿಟ್ಟು ಹೋದ ಕೆಲಸ ತಿರುಗಿ ಸಿಕ್ಕಿದ ಖುಷಿ ಅವನಿಗೆ. ಒಂದು ಕಾಲು ಮುಂದಿಟ್ಟು, ಕೈ ಎತ್ತಿ, ಮಾರ್ಕೆಟ್ಟಿನಲ್ಲಿ ಕೂಗಿದ ಹಾಗೆಯೇ ಕೂಗಿದ. ಜನ ನಗುತ್ತಿದ್ದರು. ರಸ್ತೆ ಕಾಂಟ್ರಾಕ್ಟು ಮಾಡುವ ಒಬ್ಬ, ಕೋಳಿ ಫಾರಂ ಇಟ್ಟ ಇನ್ನೊಬ್ಬ, ಇಬ್ಬರೂ ತಮ್ಮ ತಮ್ಮ ಹೆಂಡತಿಯರಿಗಾಗಿ ಏರಿಸುತ್ತ ಹೋದರು. ಹೆಂಡತಿಯರು ಅಲ್ಲಿ ಇರಲೇ ಇಲ್ಲ. ಕೋಳಿಯವನು ನಿಂತುಬಿಟ್ಟ. ಕಾಂಟ್ರಾಕ್ಟರು ಹೇಳಿದ ಕೊನೆಯ ರೇಟನ್ನು ಕೂಗುವವನು ಮೂರು ಸಲ ಹೇಳಿದ.

ಆಮೇಲೆ ಅವನ ಬಾಯಿ ತಪ್ಪಿತು. ತಪ್ಪಿದ್ದಲ್ಲ, ರೂಢಿ ಅದು. ಗೂಡಿನ ಮಾರ್ಕೆಟ್ಟಿನಲ್ಲಿ ಎಷ್ಟೇ ದೊಡ್ಡ ರೇಟು ಬರಲಿ, ಗೂಡಿನ ಲಾಟು ತಂದ ರೈತ ಒಪ್ಪದಿದ್ದರೆ ಆ ಹರಾಜು ಬಿದ್ದುಹೋಗುತ್ತದೆ. ರೈತ ಬೇಡ ಎಂದು ತಲೆ ಅಲ್ಲಾಡಿಸಿದರೆ ಮುಗಿಯಿತು, ಯಾವ ರೀಲರೂ ಗೂಡು ಮುಟ್ಟುವಂತಿಲ್ಲ. ಆದ್ದರಿಂದ ಕೂಗುವವನು ಕೊನೆಗೆ ಒಂದು ಮಾತು ಕೇಳಲೇಬೇಕು. ಇಷ್ಟು ವರ್ಷ ಕೇಳಿದ್ದ ಮಾತು ತಾನಾಗಿಯೇ ಹೊರಬಂತು.

“ಏನ್ರಪ್ಪಾ, ರೈತರ ಒಪ್ಗೆ ಐತಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಕೂಗುವವನೂ ನಾಲಗೆ ಕಚ್ಚಿಕೊಂಡು ನಕ್ಕ. ಆ ನಗು ಇನ್ನೂ ಆರಿರಲಿಲ್ಲ. ನನ್ನ ಪಕ್ಕದಿಂದಲೇ ಒಂದು ದನಿ ಬಂತು.

“ಇಲ್ಲ. ಒಪ್ಗೆ ಇಲ್ಲ.”

ನನ್ನ ಗೆಳತಿ. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮುಂದೆ ಬಂದಿದ್ದಳು.

“ನಿಂಗೇನವ್ವಾ?” ಎಂದರು ಯಜಮಾನರು. ಬೈಯಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದರು.

“ಲಾಟು ಯಾರ್ದು ಯಜಮಾನ್ರೇ? ನಮ್ಮ ಓಟು ತಾನೇ ನೀವು ಕೂಗ್ತಿರೋದು? ಎಷ್ಟು ಸಲ ನೀವೆಲ್ಲ ನಮ್ಮ ರೇಟು ಬ್ಯಾಡ ಅಂತ ಗೂಡು ವಾಪಸ್ ಕಟ್ಕೊಂಡು ಓಗಿಲ್ಲ? ನಮ್ಮನೆಯವ್ರು ಸುಮ್ನೆ ಕೈ ಬೀಸ್ಕೊಂಡು ಬಂದಿಲ್ವಾ? ನಿಮ್ಗೆ ಗೂಡಿನ ಮ್ಯಾಲೆ ಇರೋ ಅಕ್ಕು ನಂಗೆ ನನ್ನ ಓಟಿನ ಮ್ಯಾಲೆ ಇಲ್ವಾ? ನಂಗೊಪ್ಗೆ ಇಲ್ಲ. ನಾನು ಎಲೆಕ್ಷನ್‌ಗೆ ನಿಂತ್ಕತೀನಿ.”

ಅಲ್ಲಿ ಕೂತಿದ್ದ ಪ್ರತಿ ರೈತನೂ ಒಂದಲ್ಲ ಒಂದು ದಿನ ಮಾರ್ಕೆಟ್ಟಿನಲ್ಲಿ ಎದೆ ಸೆಟೆಸಿ “ಒಪ್ಗೆ ಇಲ್ಲ” ಎಂದವನೇ. ಅದು ನಮ್ಮ ಒಂದೇ ಒಂದು ದೊಡ್ಡಸ್ತಿಕೆ. ಈಗ ಅದೇ ಮಾತು ಇವಳ ಬಾಯಿಂದ ಬಂದಿತ್ತು. ಮೊದಲು ಬಾಯಿ ಬಂದದ್ದು ಮುತವಲ್ಲಿಗೆ. ಅವರು ತಮ್ಮ ಬೀದಿಯ ಹುಡುಗಿಗೆ ಉರ್ದುವಿನಲ್ಲಿ ಗದರಿದರು. ನನಗೆ ಎಲ್ಲ ತಿಳಿಯಲಿಲ್ಲ. ನಡುನಡುವೆ ಕನ್ನಡದಲ್ಲಿ ಬಂದ ಮಾನ, ಮರ್ಯಾದೆ ಎಂಬ ಮಾತುಗಳು ಮಾತ್ರ ತಿಳಿದವು.

ಆಮೇಲೆ ಒಂದು ತಟ್ಟೆ ಬಂತು. ಅದರಲ್ಲಿ ದೇವರ ಮೇಲಿನ ಹೂವು, ದರ್ಗಾದಲ್ಲಿ ಓದಿಸಿದ ಸಕ್ಕರೆ, ಚರ್ಚಿನ ಮೇಣದಬತ್ತಿ. ಬೇರೆ ಯಾರೂ ನಾಮಪತ್ರ ಹಾಕುವುದಿಲ್ಲ, ಹಾಕಿದವರಿಗೆ ಸಹಾಯ ಮಾಡುವುದಿಲ್ಲ ಎಂದು ಮನೆಗೊಬ್ಬರು ಆ ತಟ್ಟೆ ಮುಟ್ಟಿ ಆಣೆ ಮಾಡಬೇಕು. ಮೂರು ಧರ್ಮದ ಪ್ರಸಾದವನ್ನು ಒಂದೇ ತಟ್ಟೆಯಲ್ಲಿ ಇಟ್ಟದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಣ್ಣಿಗೆ ಕಟ್ಟುವಂಥ ನೋಟ, ಆದರೆ ಯಾವ ಕೆಲಸಕ್ಕೆ! ಸಮಿತಿಯ ಹೆಂಗಸು ಎಂದು ಮೊದಲು ನನ್ನ ಮುಂದೆ ಹಿಡಿದರು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡುಬಿಟ್ಟೆ. ತಟ್ಟೆ ಸ್ವಲ್ಪ ಹೊತ್ತು ನನ್ನ ಮುಂದೆಯೇ ನಿಂತಿತ್ತು. ಆಮೇಲೆ ಮುಂದೆ ಹೋಯಿತು. ನಮ್ಮ ಮನೆಯ ಪರವಾಗಿ ನಮ್ಮ ಮನೆಯವರು ಮುಟ್ಟಿದರು.

ಮನೆಗೆ ಬಂದ ಮೇಲೆ ನನಗೆ ಕೋಪ ಬಂತು. ಬಂದದ್ದು ಸಣ್ಣದಲ್ಲ.

“ದೇವರ ಮುಂದೆ ನಿಂತ್ಕೊಂಡು ಸೀಟು ಮಾರ್ತಾರಲ್ಲ, ನಿಮ್ಗೆ ಒಸಿನಾದ್ರೂ ನಾಚ್ಕೆ ಆಗ್ಲಿಲ್ವಾ?” ಎಂದೆ.

“ಇದೇನು ಒಸಾದಾ? ಯಾವಾಗ್ಲೂ ಇಂಗೇ ಕಣೆ. ಮೊದ್ಲು ಯಜಮಾನ್ರ ಜಗಲಿ ಮ್ಯಾಲೆ ನಾಕ್ ಜನ ಕೂತ್ಕೊಂಡು ಮಾಡೋರು. ಈ ಸಲ ಸಾಬ್ರುನ್ನೂ ಚರ್ಚ್‌ನವ್ರುನ್ನೂ ಸೇರಿಸ್ಕೊಂಡವ್ರೆ. ನೀನೇ ಹೇಳ್ತಿದ್ದಲ್ಲ, ಎಲ್ರುನ್ನೂ ಸೇರಿಸ್ಕೋಬೇಕು ಅಂತ.”

ಅವರು ಕುಹಕಕ್ಕೆ ಹೇಳಿದ್ದಲ್ಲ. ಸಮಾಧಾನ ಮಾಡಲು ಹೇಳಿದ್ದು. ಅದೇ ನನ್ನನ್ನು ಕೆಡವಿಹಾಕಿತು. ಇಷ್ಟು ವರ್ಷ ಅವಿರೋಧ ಅವಿರೋಧ ಎಂದು ನಾನು ಹೆಮ್ಮೆ ಪಟ್ಟದ್ದೆಲ್ಲ ಜಗಲಿಯ ಮೇಲಿನ ವ್ಯಾಪಾರ. ನಮ್ಮ ಒಗ್ಗಟ್ಟಿನಿಂದ ಆದದ್ದು ಇಷ್ಟೇ, ವ್ಯಾಪಾರಕ್ಕೆ ಪಾಲುದಾರರು ಹೆಚ್ಚಿದರು. ನಾನು ಒಲೆಯ ಮುಂದೆ ಕುಸಿದು ಕೂತೆ. ಅನ್ನ ತಳ ಹಿಡಿಯಿತು.

ನಾಮಪತ್ರಕ್ಕೆ ಊರಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಆಣೆ ಮಾಡಿದವರು ಯಾರೂ ಬರಲಿಲ್ಲ, ಅವಳ ಗಂಡನೂ ತಟ್ಟೆ ಮುಟ್ಟಿದ್ದ. ನನ್ನ ಕೈ ಸೆರಗಿನಲ್ಲಿತ್ತಲ್ಲ, ನಾನು ಹಾಕಿದೆ. ಸಹಿ ಹಾಕಿ ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದು “ಅಕ್ಕಾ, ನಿಮ್ಗೆ ತೊಂದ್ರೆ ಮಾಡ್ತಾರೆ” ಎಂದಳು. “ಮಾಡ್ಲಿ ಬುಡು, ನನ್ನೇನು ಮಾರ್ಕೆಟ್‌ಗೆ ಹಾಕ್ತಾರಾ?” ಎಂದು ನಗಿಸಿದೆ.

ತೊಂದರೆ ಎಲ್ಲಿಂದ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ರೇಷ್ಮೆ ಹುಳ ಹಣ್ಣಾಗುವ ದಿನ ಅಂತ ಒಂದು ಬರುತ್ತದೆ. ಹುಳ ಸೊಪ್ಪು ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅವತ್ತು ಒಂದೊಂದು ಹುಳವನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ. ಹುಳ ನಾಳೆಯವರೆಗೆ ಕಾಯುವುದಿಲ್ಲ. ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಉಗುಳಿ ಹಾಳಾಗುತ್ತದೆ. ಒಂದು ಮನೆಯ ಕೈ ಸಾಲುವುದಿಲ್ಲವೆಂದೇ ನಮ್ಮಲ್ಲಿ ಮುಯ್ಯಾಳು ಇರುವುದು: ಇವತ್ತು ನೀವು ನಮ್ಮ ಮನೆಗೆ, ನಾಳೆ ನಾವು ನಿಮ್ಮ ಮನೆಗೆ. ಅದಕ್ಕೆ ಯಾರೂ ತಪ್ಪಿಸುವುದಿಲ್ಲ. ಮಾತು ಬಿಟ್ಟ ಓರಗಿತ್ತಿಯರೂ ಹುಳ ಹಣ್ಣಾದ ದಿನ ಬಂದು, ಮಾತಾಡದೆಯೇ ಕೆಲಸ ಮಾಡಿ ಹೋಗುತ್ತಾರೆ.

ಆ ಬೆಳಿಗ್ಗೆ ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ನಮ್ಮ ಮನೆಯವರು ಬೀದಿಯಲ್ಲಿ ಮನೆಮನೆಗೆ ಹೋಗಿ ಬಂದರು. ಒಬ್ಬರಿಗೆ ತಲೆನೋವು, ಒಬ್ಬರು ಚನ್ನಪಟ್ಟಣಕ್ಕೆ ಹೊರಟಿದ್ದಾರೆ, ಒಬ್ಬರು ಬಾಗಿಲೇ ತೆಗೆಯಲಿಲ್ಲ. ಬಂದು ತಲೆಬಾಗಿಲಲ್ಲಿ ನಿಂತು, “ನಾನು ಆಣೆ ಮಾಡಿದ್ನಲ್ಲೇ” ಎಂದರು. ಅವರ ದನಿ ಮಗುವಿನ ಹಾಗಿತ್ತು. ಅವರಿಗೂ ಆಗ ಮೊದಲ ಸಲ ದಿಗಿಲು ಬಡಿದದ್ದು. ಒಳಗೆ ತಟ್ಟೆಗಳ ತುಂಬ ಹುಳ ತಲೆಯೆತ್ತಿ ಅತ್ತಿತ್ತ ಆಡುತ್ತಿದ್ದವು.

ನಾವಿಬ್ಬರೇ ಕೂತು ಆರಿಸುತ್ತಿದ್ದೆವು. ಬಾಗಿಲಲ್ಲಿ ನೆರಳು ಬಿತ್ತು. ನನ್ನ ಗೆಳತಿ, ಅವಳ ಹಿಂದೆ ಕೆಳಗಿನ ಬೀದಿಯ ಬೇಸಿನ್ ಹೆಂಗಸರು, ಅವರ ಹಿಂದೆ ಕೆರೆ ಬೀದಿಯಿಂದ ಉಪದೇಶಿಯ ಹೆಂಡತಿ. ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ, ಹುಳಕ್ಕೆ ರೋಗ ತಗಲುತ್ತದೆ ಎಂಬ ಹೆದರಿಕೆ. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಎದ್ದು ಹೋಗಿ ಕೈ ತೊಳೆಯಲು ಎಲ್ಲರಿಗೂ ನೀರು ತಂದಿಟ್ಟರು.

ಒಳಗೆ ಬಂದವರು ಹುಳ ನೋಡಿ ಹಾಗೇ ನಿಂತರು. ಹುಟ್ಟಿದಾಗಿನಿಂದ ಗೂಡು ಬೇಯಿಸಿದವರು, ಸತ್ತ ಹುಳದ ವಾಸನೆಯಲ್ಲೇ ಮಕ್ಕಳನ್ನು ಮಲಗಿಸಿದವರು. ಜೀವವಿರುವ ಹುಳವನ್ನು ಅವರಲ್ಲಿ ಎಷ್ಟೋ ಜನ ನೋಡಿಯೇ ಇರಲಿಲ್ಲ. ಒಬ್ಬಳು ಅಂಗೈ ಮೇಲೆ ಒಂದು ಹುಳ ಇಟ್ಟುಕೊಂಡು “ಇದಾ ಅಕ್ಕಾ ಅದು? ತಣ್ಣಗೈತಲ್ಲ!” ಎಂದಳು, ಕಣ್ಣಲ್ಲಿ ನೀರು ಬಂತು. ಅವರ ನುಣುಪು ಬೆರಳಿಗೆ ಒಂದು ಹುಳವೂ ನೋಯಲಿಲ್ಲ. ಸಂಜೆಯ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದವು. ಹೋಗುವಾಗ ಉಪದೇಶಿಯ ಹೆಂಡತಿ ಮೆಲ್ಲಗೆ ನನ್ನ ಕಿವಿಯಲ್ಲಿ, “ನಮ್ಮನೆಯವ್ರೇ ಕಳ್ಸಿದ್ರು. ಚರ್ಚಿನ ಪಾಲು ಬ್ಯಾಡ ಅಂದ್ಬುಟ್ರು” ಎಂದಳು.

ಚುನಾವಣೆ ನಡೆಯಲೇಬೇಕಾಯಿತು. ಆಗ ಕಂಡದ್ದು ಇನ್ನೊಂದು ವಿಚಿತ್ರ. ಕಾಂಟ್ರಾಕ್ಟರು ಹೆಂಡತಿಯನ್ನು ಕರೆದುಕೊಂಡು ಓಟು ಕೇಳಲು ಬೀದಿ ಬೀದಿ ಅಲೆಯಬೇಕಾಯಿತು. ಸೀಟು ಕೊಂಡವನಿಗೆ ಎಂಥ ಗ್ರಹಚಾರ! ಆ ಹೆಂಡತಿ ಮಾಗಡಿ ಕಡೆಯವಳು, ಮೆತ್ತನೆಯ ಹೆಂಗಸು, ಮದುವೆ ಮುಂಜಿಯಲ್ಲಿ ಬಿಟ್ಟರೆ ಅವಳ ದನಿ ನಾವು ಕೇಳಿದ್ದು ಕಡಿಮೆ. ಅವರು ಕೆಳಗಿನ ಬೀದಿಗೆ ಬಂದಾಗ ನಾನು ಅಲ್ಲೇ ಗೆಳತಿಯ ಮನೆಯಲ್ಲಿದ್ದೆ. ಮೂಲೆಮನೆಯ ಮುದುಕಿಯ ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರೂ ಕೈ ಮುಗಿದು ನಿಂತರು. ಮುದುಕಿ ಹೊರಗೆ ಬಂದು ನೋಡಿದವಳೇ ಎದೆ ಹಿಡಿದುಕೊಂಡಳು.

“ಯಾರು ಓದ್ರಪ್ಪಾ?” ಎಂದಳು.

ಮೇಲಿನ ಬೀದಿಯ ದೊಡ್ಡವರು ಆ ಬೀದಿಗೆ ಕೈ ಮುಗಿದುಕೊಂಡು ಬರುವುದು ಸಾವಿಗೆ ಮಾತ್ರ. ಓಟು ಕೇಳಲು ಬಂದಿದ್ದಾರೆ ಎಂದು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. “ನನ್ನನ್ನಾ? ನನ್ನನ್ನು ಕೇಳ್ತಾರಾ?” ಎಂದು ನನ್ನ ಕಡೆ ತಿರುಗಿ ತಿರುಗಿ ಕೇಳಿದಳು. ಕಾಂಟ್ರಾಕ್ಟರ ಹೆಂಡತಿ ಮುಗಿದ ಕೈ ಇಳಿಸದೆ ಆ ಮುದುಕಿಯನ್ನೇ ನೋಡುತ್ತಿದ್ದಳು. ಗಂಡ ಕರೆದರೂ ಒಂದು ಗಳಿಗೆ ಕದಲಲಿಲ್ಲ.

ಓಟಿನ ದಿನ ಶಾಲೆಯ ಮುಂದೆ ಮೂರು ಬೀದಿಯವರೂ ಒಂದೇ ಸಾಲಿನಲ್ಲಿ ನಿಂತರು. ನಾನು ಮನಸ್ಸಿನಲ್ಲಿ ಗೆದ್ದೆವು ಎಂದುಕೊಂಡೆ. ಸೋತೆವು. ದೊಡ್ಡ ಅಂತರವೇನಲ್ಲ, ಆದರೆ ಸೋಲು ಸೋಲೇ. ಮಸೀದಿಯ ಹಿರಿಯರಲ್ಲಿ ಕೆಲವರು ಸ್ವಂತ ಬೀದಿಯ ಹೆಣ್ಣಿಗೆ ಓಟು ಹಾಕಲಿಲ್ಲ ಎಂದು ಕೇಳಿ ನನಗೆ ಉರಿಯಿತು. ಆಣೆ ಮಾಡಿದ ನಮ್ಮ ಬೀದಿಯಿಂದಲೂ ಅವಳಿಗೆ ಒಂದಿಷ್ಟು ಓಟು ಬಿದ್ದಿವೆ ಎಂದು ಕೇಳಿ ಆ ಉರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಾಂಟ್ರಾಕ್ಟರು ಹರಾಜಿನ ದಿನ ಕೊಟ್ಟ ಅಡ್ವಾನ್ಸನ್ನು ದೇವರಿಂದ ವಾಪಸ್ ಕೇಳುವ ಹಾಗೂ ಇಲ್ಲ, ಬಾಕಿ ಕೊಡುವ ಮನಸ್ಸೂ ಇಲ್ಲ. ಚಾವಣಿ ಅರ್ಧಕ್ಕೆ ನಿಂತಿತು.

ಗೆಳತಿ ಮಾರನೇ ದಿನವೇ ಬೇಸಿನ್ನಿನ ಮುಂದೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ನೂಲಿನ ತುದಿ ಹುಡುಕುತ್ತ, “ಸೋತಿದ್ದಕ್ಕೆ ಬೇಜಾರಿಲ್ಲಕ್ಕಾ. ಅಕ್ಕಿ ಬರ್ಲಿಲ್ವಲ್ಲ” ಎಂದಳು. ನಾನು ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಕೆಲವು ದಿನ ಕಳೆದು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಸಾಲಿನ ಆ ತುದಿಯಿಂದ ಯಾರೋ ಬರುತ್ತಿರುವುದು ಕಂಡಿತು. ನೋಡಿದರೆ ಕಾಂಟ್ರಾಕ್ಟರ ಹೆಂಡತಿ, ಈಗ ನಮ್ಮೂರಿನ ಮೆಂಬರು. ಒಬ್ಬಳೇ ಬಂದಿದ್ದಳು. ಸುತ್ತಮುತ್ತ ನೋಡಿ, ಗಿಡದ ಮರೆಗೆ ಕೂತಳು.

“ಅಕ್ಕಾ, ಪಂಚಾಯ್ತಿ ಮೀಟಿಂಗ್ ಐತಂತೆ. ನಿನ್ ಗೆಳ್ತೀನೂ ನನ್ ಜೊತೆ ಕರ್ಕೊಂಡೋಗ್ಬೇಕು. ಆ ರೇಷನ್ನಿನ ಸಮಾಚಾರ ಎಂಗೆ ಕೇಳ್ಬೇಕು ಅಂತ ನಂಗೆ ಗೊತ್ತಿಲ್ಲ. ಒಸಿ ಹೇಳ್ತೀಯಾ ಅವಳ್ಗೆ?”

ನನ್ನ ಮೂಗಿನ ತುದಿಯ ಕೋಪ ಎದ್ದೇ ಬಿಟ್ಟಿತು. “ಈಗ್ಯಾಕವ್ವಾ ಅವಳು? ಕೊಂಡ್ಕೊಂಡೋರು ನೀವು, ಗೆದ್ದೋಳು ನೀನು. ನೀನೇ ಕೇಳು ಓಗು” ಎಂದೆ.

ಅವಳು ಬೈಗುಳ ಕೇಳಿ ಎದ್ದು ಹೋಗಲಿಲ್ಲ. ತಲೆ ತಗ್ಗಿಸಿ ಒಂದು ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಹರಿಯುತ್ತ ಕೂತಳು.

“ನಾನೂ ಅವಳ್ಗೇ ಹಾಕಿದ್ದು ಕಣಕ್ಕಾ” ಎಂದಳು.

ನನಗೆ ಮೊದಲು ತಿಳಿಯಲೇ ಇಲ್ಲ. “ಏನು ಹಾಕಿದ್ದು?” ಎಂದೆ.

“ಓಟು.”

ಕುಡುಗೋಲು ಹಿಡಿದ ನನ್ನ ಕೈ ಹಾಗೇ ನಿಂತಿತು. ಆ ಚುನಾವಣೆಯಲ್ಲಿ ನಾನು ಬೆಚ್ಚಿಬಿದ್ದದ್ದು ಒಂದೆರಡು ಸಲವಲ್ಲ. ಆದರೆ ಹೀಗೆ ಅಲ್ಲ. ನಿಂತವಳೇ ತನಗೆ ಓಟು ಹಾಕಿಕೊಳ್ಳಲಿಲ್ಲವೆಂದರೆ?

“ಸೀಟು ಹರಾಜಾದಾಗ ನಾನು ಮನೇಲಿ ಮುದ್ದೆ ತೊಳಸ್ತಿದ್ದೆ” ಎಂದಳು ಅವಳು. “ಬಂದು ಸೈನ್ ಮಾಡು ಅಂದ್ರು, ಮಾಡ್ದೆ. ಸೀರೆ ಉಟ್ಕೊ ಅಂದ್ರು, ಉಟ್ಕೊಂಡೆ. ಕೈ ಮುಗಿ ಅಂದ್ರು, ಮುಗ್ದೆ. ಶಾಲೇಲಿ ಆ ರಟ್ಟಿನ ಮರೆಗೆ ಓದ್ಮೇಲೆ ನಾನೊಬ್ಳೇ ಇದ್ದೆ. ನಿಂಗ್ಯಾರು ಬೇಕು ಅಂತ ನನ್ನ ಕೇಳಿದ್ದು ಆ ಚೀಟಿ ಒಂದೇ ಅಕ್ಕಾ. ಹುಟ್ಟಿದಾಗಿಂದ ಇನ್ಯಾರೂ ಕೇಳಿರ್ಲಿಲ್ಲ.”

ನಾನು ಕುಡುಗೋಲನ್ನು ಸೊಪ್ಪಿನ ಹೊರೆಯ ಮೇಲಿಟ್ಟೆ. ಆ ಮಧ್ಯಾಹ್ನವೇ ನಾವಿಬ್ಬರೂ ಕೆಳಗಿನ ಬೀದಿಗೆ ಹೋದೆವು.